ಜುಲೈ ಒಂದರ ಅಧ್ಯಕ್ಷರು

ಜುಲೈ ತಿಂಗಳ ಮೊದಲೆರಡು ವಾರಗಳಲ್ಲಿ ಯಾವುದೇ ಪತ್ರಿಕೆಯ ಜಿಲ್ಲಾ ಪುಟ ತೆರೆದು ನೋಡಿ. ಮಳೆ, ಗುಡ್ಡ ಕುಸಿತ, ಗೊಬ್ಬರದ ಅಭಾವದ ಸುದ್ದಿಗಳ ನಡುವೆ ಎರಡು ಕಾಲಂ ಚಿತ್ರವೊಂದು ಇದ್ದೇ ಇರುತ್ತದೆ. ಸಾಲಾಗಿ ನಿಂತ ಏಳೆಂಟು ಮಂದಿ, ನಡುವಿನವರ ಕೊರಳಲ್ಲಿ ಬಿಲ್ಲೆಗಳನ್ನು ಪೋಣಿಸಿದ ದಪ್ಪ ಕಾಲರ್, ಕೈಯಲ್ಲಿ ಹೂಗುಚ್ಛ, ಮೇಲೆ ‘ರೋಟರಿ ಪದಗ್ರಹಣ’ ಎಂಬ ತಲೆಬರಹ. ಮರುದಿನ ಲಯನ್ಸ್ ಕ್ಲಬ್ಬಿನದು. ಅದರ ಮರುದಿನ ಇನ್ನರ್‌ವೀಲ್‌ನದು. ಜೇಸಿಗಳ ವರ್ಷ ಮಾತ್ರ ಜನವರಿಗೆ ಶುರು, ಹಾಗಾಗಿ ಅವರ ಚಿತ್ರಕ್ಕೆ ಸಂಕ್ರಾಂತಿಯವರೆಗೆ ಕಾಯಬೇಕು.

ಊರಿನ ಸೇವಾ ಕ್ಲಬ್ಬುಗಳ ಮಾತು ಬಂದರೆ ಜನ ಎರಡು ಪಂಗಡವಾಗುತ್ತಾರೆ. ಉಳ್ಳವರು ವಾರಕ್ಕೊಮ್ಮೆ ಸೇರಿ, ಉಂಡು, ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುವ ಕೂಟ ಎನ್ನುವವರು ಒಂದು ಕಡೆ. ಸರ್ಕಾರದ ಕೈಲಾಗದ್ದನ್ನು ತಮ್ಮ ಜೇಬಿನಿಂದ ಮಾಡುವ ಪುಣ್ಯವಂತರು ಎನ್ನುವವರು ಇನ್ನೊಂದು ಕಡೆ. ಎರಡಕ್ಕೂ ಸಾಕ್ಷಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಧಾರಾಳವಾಗಿ ಸಿಗುತ್ತದೆ. ನನ್ನ ಕಣ್ಣು ಹೋಗುವುದು ಆ ಕಾಲರಿನ ಮೇಲೆ. ಅದು ಒಬ್ಬರ ಕೊರಳಲ್ಲಿರುವುದು ಒಂದೇ ವರ್ಷ. ಮುಂದಿನ ಜೂನ್ 30 ಕಳೆಯಿತೆಂದರೆ ಮತ್ತೊಬ್ಬರಿಗೆ. ಈ ಕ್ಲಬ್ಬುಗಳು ಮಾಡಿ ಮುಗಿಸಿದ್ದರಲ್ಲೂ ಅರ್ಧಕ್ಕೆ ಬಿಟ್ಟದ್ದರಲ್ಲೂ ಈ ಒಂದು ವರ್ಷದ ಗಡುವಿನ ಪಾಲು ದೊಡ್ಡದು.

ಮೂಲಕ್ಕೆ ಹೋದರೆ ಅಲ್ಲಿ ಸೇವೆಯ ಸುಳಿವೇ ಇಲ್ಲ. 1905ರ ಫೆಬ್ರವರಿ 23ರ ಸಂಜೆ ಷಿಕಾಗೋದ ಯೂನಿಟಿ ಕಟ್ಟಡದ 711ನೇ ಕೋಣೆಯಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರನ್ನು ಸೇರಿಸಿದರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಒಬ್ಬರು ಬಟ್ಟೆ ಹೊಲಿದು ಮಾರುವವರು. ಹಳ್ಳಿಯಲ್ಲಿ ಬೆಳೆದು ಮಹಾನಗರಕ್ಕೆ ಬಂದಿದ್ದ ವಕೀಲರಿಗೆ ಒಡನಾಟ ಬೇಕಿತ್ತು, ಎಲ್ಲರಿಗೂ ಗಿರಾಕಿಗಳು ಬೇಕಿದ್ದರು. ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರು. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಸಿಕ್ಕಿತೆಂಬುದಕ್ಕೂ ಲೆಕ್ಕ ಇಡುತ್ತಿದ್ದರು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸೇರಲು ಕರೆದಾಗ, ತಮ್ಮ ಲಾಭ ಬಿಟ್ಟು ಬೇರೇನೂ ಯೋಚಿಸದ ಕೂಟಕ್ಕೆ ಬರುವುದಿಲ್ಲ ಎಂದುಬಿಟ್ಟರು. ಮಾತು ನಾಟಿತು. ಮರುವರ್ಷ ಕ್ಲಬ್ಬು ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಸಾರ್ವಜನಿಕ ಶೌಚಾಲಯ. ಅದಕ್ಕೆ ಅಡ್ಡಗಾಲು ಹಾಕಿದವರು ಹೆಂಡದಂಗಡಿಯವರು ಮತ್ತು ದೊಡ್ಡ ಬಟ್ಟೆಬರೆ ಮಳಿಗೆಯವರು. ಶೌಚಕ್ಕೆಂದು ಒಳಗೆ ಬಂದವರು ಏನಾದರೊಂದು ಕೊಂಡೇ ಹೋಗುತ್ತಿದ್ದರಲ್ಲ! ನಮ್ಮ ಬಸ್ ನಿಲ್ದಾಣಗಳ ಎದುರು ಹೋಟೆಲ್ ಇಟ್ಟವರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ.

1917ರಲ್ಲಿ ಅದೇ ಷಿಕಾಗೋದ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದವರು ಲಯನ್ಸ್ ಸಂಸ್ಥೆ ಕಟ್ಟಿದರು. ಭಾರತಕ್ಕೆ ರೋಟರಿ ಬಂದದ್ದು ಕಲ್ಕತ್ತೆಯ ಮೂಲಕ, 1920ರ ಹೊತ್ತಿಗೆ. ಬೆಂಗಳೂರಿನಲ್ಲಿ 1934ರಲ್ಲಿ ಕ್ಲಬ್ ಶುರುವಾಯಿತು. ಲಯನ್ಸ್ ಬಂದದ್ದು ಸ್ವಾತಂತ್ರ್ಯದ ನಂತರ, 1956ರಲ್ಲಿ, ಬೊಂಬಾಯಿಗೆ. ಮೊದಮೊದಲು ಇಂಗ್ಲಿಷ್ ಬಲ್ಲ ಅಧಿಕಾರಿಗಳು, ಗಿರಣಿ ಮಾಲೀಕರು, ಬ್ಯಾರಿಸ್ಟರುಗಳ ಕೂಟವಾಗಿದ್ದದ್ದು ಕ್ರಮೇಣ ತಾಲ್ಲೂಕು ಕೇಂದ್ರಗಳಿಗೆ ಇಳಿಯಿತು. ಇಂದು ಸಣ್ಣ ಊರಿನ ಕ್ಲಬ್ಬಿನ ಪಟ್ಟಿ ನೋಡಿದರೆ ನರ್ಸಿಂಗ್ ಹೋಂ ಡಾಕ್ಟರು, ಪಿಯು ಕಾಲೇಜಿನ ಉಪನ್ಯಾಸಕರು, ರೈಸ್ ಮಿಲ್ಲಿನವರು, ಎಲ್‌ಐಸಿ ಏಜೆಂಟರು, ಮೆಡಿಕಲ್ ಶಾಪಿನವರು, ಸಿವಿಲ್ ಕಂಟ್ರಾಕ್ಟರು, ಲೆಕ್ಕಪರಿಶೋಧಕರು ಸಿಗುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಹಿಂದೆ ‘ರೊ.’, ‘ಲಯನ್’, ‘ಜೇಸಿ’ ಎಂಬ ಬಿರುದು. ಮುಂದೆ ‘ಪಿಎಚ್‌ಎಫ್’ ಅಥವಾ ‘ಎಂಜೆಎಫ್’ ಎಂಬ ಬಾಲ. ಸಾವಿರ ಡಾಲರ್ ದೇಣಿಗೆಯ ಗುರುತಾಗಿ ಪಾಲ್ ಹ್ಯಾರಿಸ್, ಮೆಲ್ವಿನ್ ಜೋನ್ಸ್ ಹೆಸರಿನಲ್ಲಿ ಕೊಡುವ ಗೌರವ ಅದು. ನಗುವವರು ನಗುತ್ತಾರೆ. ಆದರೆ ಊರಿನ ಮುಂದೆ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಆಸೆಯಿಲ್ಲದೆ ಜಾತ್ರೆಯ ತೇರೂ ಹೊರಡುವುದಿಲ್ಲ. ಆ ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಹನ್ನೆರಡು ತಿಂಗಳೊಳಗೆ ತೀರಿಸಿಕೊಳ್ಳಬೇಕಾದ ಅವಸರದ ಬಗ್ಗೆ ಇದೆ.

ಒಂದು ವರ್ಷದ ನಿಯಮ ಕ್ಲಬ್ ಅಧ್ಯಕ್ಷರಿಗೆ ಮಾತ್ರ ಅಂಟಿದ್ದಲ್ಲ. ಜಿಲ್ಲಾ ಗವರ್ನರ್ ಒಂದು ವರ್ಷ, ಅಂತರರಾಷ್ಟ್ರೀಯ ಅಧ್ಯಕ್ಷರೂ ಒಂದು ವರ್ಷ. ರೋಟರಿಯಲ್ಲಂತೂ ತೀರಾ ಈಚಿನವರೆಗೂ ಪ್ರತಿ ಜುಲೈಗೆ ಹೊಸ ಘೋಷವಾಕ್ಯ, ಹೊಸ ಲಾಂಛನ. ಬ್ಯಾನರು, ಲೆಟರ್‌ಹೆಡ್ಡು, ಟೈ, ಎಲ್ಲವೂ ಹೊಸತು. ಇದರ ಲಾಭ ಸಣ್ಣದಲ್ಲ. ನಮ್ಮ ಸಹಕಾರಿ ಸಂಘಗಳಲ್ಲಿ, ದೇವಸ್ಥಾನದ ಟ್ರಸ್ಟುಗಳಲ್ಲಿ, ಕ್ರೀಡಾ ಸಂಸ್ಥೆಗಳಲ್ಲಿ ಕುರ್ಚಿಗೆ ಅಂಟಿಕೊಂಡವರನ್ನು ಎಬ್ಬಿಸಲು ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಇಲ್ಲಿ ಎಷ್ಟೇ ದೊಡ್ಡವರಾದರೂ ಜುಲೈ ಒಂದಕ್ಕೆ ‘ನಿಕಟಪೂರ್ವ ಅಧ್ಯಕ್ಷ’ರಾಗಿ ಪಕ್ಕದ ಕುರ್ಚಿಗೆ ಸರಿಯುತ್ತಾರೆ. ವೇದಿಕೆ ಹತ್ತಲು ಹೆದರುತ್ತಿದ್ದ ಹಾರ್ಡ್‌ವೇರ್ ಅಂಗಡಿಯವರು ಒಂದು ವರ್ಷ ಗಂಟೆ ಬಾರಿಸಿ ಸಭೆ ನಡೆಸಿ, ಸ್ವಾಗತ ಭಾಷಣ ಕಲಿತು, ತಹಶೀಲ್ದಾರರ ಕಚೇರಿಗೆ ಅಳುಕಿಲ್ಲದೆ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಇಂಥ ಮಾಜಿ ಅಧ್ಯಕ್ಷರು ಒಂದು ಊರಿನಲ್ಲಿ ಮೂವತ್ತು ಮಂದಿ ಇದ್ದರೆ ಆ ಊರಿಗೇ ಒಂದು ಬಲ.

ನಷ್ಟ ಕಾಣುವುದು ಊರಿನ ಗೋಡೆಗಳ ಮೇಲೆ. ಶಾಲೆಯ ವರಾಂಡದಲ್ಲಿ ನೀರಿನ ಫಿಲ್ಟರ್. ಮೇಲೆ ಕೊಟ್ಟವರ ಹೆಸರು, ಅಧ್ಯಕ್ಷರು, ಕಾರ್ಯದರ್ಶಿ, ವರ್ಷ. ಕೆಳಗೆ ನಲ್ಲಿ ಒಣಗಿದೆ. ಕ್ಯಾಂಡಲ್ ಅಥವಾ ಮೆಂಬ್ರೇನ್ ಆಗಾಗ ಬದಲಿಸಬೇಕು, ಅದಕ್ಕೆ ದುಡ್ಡು ಯಾರದು? ಮುಖ್ಯೋಪಾಧ್ಯಾಯರು ಕ್ಲಬ್ಬಿಗೆ ಫೋನ್ ಮಾಡಿದರೆ, ಅದು ನಮ್ಮ ವರ್ಷದ್ದಲ್ಲ ಎಂಬ ಉತ್ತರ. ಈ ಮಾತನ್ನು ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಹೊಸ ಅಧ್ಯಕ್ಷರಿಗೆ ತಮ್ಮದೇ ಯೋಜನೆಗಳಿವೆ, ವರ್ಷದ ಕೊನೆಗೆ ಜಿಲ್ಲೆಯಿಂದ ಪ್ರಶಸ್ತಿ ಬರುವುದೂ ಹೊಸ ಯೋಜನೆಗಳ ಎಣಿಕೆಯ ಮೇಲೆ. ಹಳೆಯ ಫಿಲ್ಟರಿಗೆ ಕ್ಯಾಂಡಲ್ ಹಾಕಿಸಿದ್ದನ್ನು ಉದ್ಘಾಟಿಸುವುದು ಹೇಗೆ? ಪಾವಗಡ, ಕೋಲಾರದ ಕಡೆಯ ಫ್ಲೋರೈಡ್ ನೀರಿನ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮಕ್ಕಳು ಮತ್ತೆ ಬೋರ್‌ವೆಲ್ ನೀರಿಗೇ ಬಾಯೊಡ್ಡುತ್ತಾರೆ.

ದಾನಿಯ ಹೆಸರು ಕಲ್ಲಿನಲ್ಲಿ ಕೆತ್ತಿಸುವುದನ್ನು ಷಿಕಾಗೋದವರು ನಮಗೆ ಕಲಿಸಬೇಕಿರಲಿಲ್ಲ. ಕೆರೆ ಕಟ್ಟಿಸಿದ, ಅರವಟ್ಟಿಗೆ ಇಡಿಸಿದ, ಛತ್ರ ಕಟ್ಟಿಸಿದ ಶಾಸನಗಳು ಈ ನಾಡಿನ ತುಂಬ ನಿಂತಿವೆ. ಆದರೆ ಆ ಕಲ್ಲುಗಳನ್ನು ಕೊನೆಯವರೆಗೆ ಓದಬೇಕು. ಕೆರೆ ಕಟ್ಟಿಸಿದವನ ಹೊಗಳಿಕೆ ಮುಗಿದ ಮೇಲೆ, ಅದರ ನಿರ್ವಹಣೆಗೆ ಬಿಟ್ಟ ಭೂಮಿಯ ಚೆಕ್ಕುಬಂದಿ ಬರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆದ ಈ ಭೂಮಿಯ ಹುಟ್ಟುವಳಿಯಿಂದ ಏರಿ ದುರಸ್ತಿಯಾಗಬೇಕು. ಹೂಳು ಹೊರುವ ಬಂಡಿಗಳ ಖರ್ಚಿಗೆಂದೇ ಗದ್ದೆ ಬಿಟ್ಟ ಉದಾಹರಣೆಗಳೂ ಇವೆ. ಅದಕ್ಕೆ ತಪ್ಪಿದವರಿಗೆ ಶಾಪ ಬೇರೆ. ನಮ್ಮ ಬಸ್ ತಂಗುದಾಣಗಳ ಗ್ರಾನೈಟ್ ಫಲಕಗಳಲ್ಲಿ ಹೊಗಳಿಕೆಯ ಭಾಗ ಮಾತ್ರ ಉಳಿದುಕೊಂಡಿದೆ.

ಈ ಕ್ಲಬ್ಬುಗಳ ಕೆಲಸ ಹೇಗೆ ನಡೆಯುತ್ತದೆಂದು ನಿಜವಾಗಿ ತಿಳಿಯಬೇಕೆಂದರೆ ಕಣ್ಣಿನ ಶಿಬಿರ ನೋಡಬೇಕು. 1925ರಲ್ಲಿ ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಬಂದ ಹೆಲನ್ ಕೆಲರ್, ಅಂಧರ ಪರವಾಗಿ ಕತ್ತಲೆಯ ವಿರುದ್ಧ ಹೋರಾಡುವ ಯೋಧರಾಗಿ ಎಂದು ಸದಸ್ಯರನ್ನು ಕೇಳಿಕೊಂಡರು. ಅಂದಿನಿಂದ ಕಣ್ಣು ಲಯನ್ಸ್‌ನ ಕೆಲಸವಾಯಿತು. ಕರ್ನಾಟಕದಲ್ಲಿ ಶಿಬಿರ ಎಂದೊಡನೆ ಹಿರಿಯರಿಗೆ ನೆನಪಾಗುವುದು ಬೀಳಗಿಯ ಡಾ. ಎಂ.ಸಿ. ಮೋದಿ. ಊರೂರಿಗೆ ಹೋಗಿ ಸಾಲು ಮೇಜುಗಳ ಮೇಲೆ ಪೊರೆ ತೆಗೆಯುತ್ತಿದ್ದ ಅವರು ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಡಾಕ್ಟರು ಬರುತ್ತಾರೆಂದರೆ ಊರವರ ಪಾಲಿಗೆ ಮದುವೆ ಮನೆಯಷ್ಟು ಕೆಲಸ. ಶಾಲೆಗೆ ರಜೆ ಕೊಡಿಸಿ, ತರಗತಿಗಳನ್ನು ಫಿನಾಯಿಲ್ ಹಾಕಿ ತೊಳೆದು, ಚಾಪೆ ಹಾಸಿ, ದಿನಗಟ್ಟಲೆ ಅಲುಗಾಡದೆ ಮಲಗಬೇಕಾದ ಅಜ್ಜ ಅಜ್ಜಿಯರಿಗೆ ಗಂಜಿ ಕುಡಿಸಿ, ಕೈಹಿಡಿದು ಬಯಲಿಗೆ ಕರೆದೊಯ್ದು ತರುವವರು ಬೇಕಿತ್ತು. ಕಣ್ಣಿನ ಮಸೂರವನ್ನೇ ತೆಗೆದುಹಾಕುತ್ತಿದ್ದ ಕಾಲ ಅದು. ಆಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ. ಕನ್ನಡಕ ಒಡೆದರೆ ಮತ್ತೆ ಕುರುಡು.

ಕಣ್ಣೊಳಗೆ ಕೃತಕ ಮಸೂರ ಇಡುವ ಪದ್ಧತಿ ಬಂದ ಮೇಲೆ ಇಡೀ ವ್ಯವಸ್ಥೆ ಬದಲಾಯಿತು. ಅದಕ್ಕೆ ಸೂಕ್ಷ್ಮದರ್ಶಕ ಬೇಕು, ಸೋಂಕಿಲ್ಲದ ಕೊಠಡಿ ಬೇಕು. ಶಾಲೆಯಲ್ಲಿ ಕೊಯ್ದರೆ ಕಣ್ಣಿಗೆ ಕೀವು ಹಿಡಿಯುವ ಅಪಾಯ ದೊಡ್ಡದು. ಹಾಗಾಗಿ ಊರಿನಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ಬಂತು. ಮದುರೆಯಲ್ಲಿ 1976ರಲ್ಲಿ ಹನ್ನೊಂದು ಹಾಸಿಗೆಯಿಂದ ಶುರುವಾದ ಅರವಿಂದ ಕಣ್ಣಿನ ಆಸ್ಪತ್ರೆ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪಳಗಿಸಿತು; ಅದರ ಶಿಬಿರಗಳನ್ನು ಊರಿನಲ್ಲಿ ಹೊತ್ತು ನಡೆಸಿದವರಲ್ಲಿ ಲಯನ್ಸ್, ರೋಟರಿ ಕ್ಲಬ್ಬುಗಳೂ ಇದ್ದವು. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ 1976ರಲ್ಲೇ. ಸ್ವಯಂಸೇವಾ ಆಸ್ಪತ್ರೆಗೆ ಒಂದು ಶಸ್ತ್ರಚಿಕಿತ್ಸೆಗೆ ಇಷ್ಟೆಂದು ಅನುದಾನ ಅದರಿಂದ ಬರುತ್ತದೆ. ಅಂದರೆ ಇಂದಿನ ಉಚಿತ ಶಿಬಿರದಲ್ಲಿ ಡಾಕ್ಟರು, ಮಸೂರ, ಔಷಧಿ ಆಸ್ಪತ್ರೆಯದು; ಖರ್ಚಿನ ಒಂದಷ್ಟು ಪಾಲು ಸರ್ಕಾರದ್ದು. ಕ್ಲಬ್ಬಿನದು ಬ್ಯಾನರು ಮಾತ್ರವೇ ಎಂದು ಕೆಲವರು ಹಂಗಿಸುವುದುಂಟು.

ಹಂಗಿಸುವವರು ಒಮ್ಮೆ ಶಿಬಿರಕ್ಕೆ ಜನ ಸೇರಿಸಿ ನೋಡಬೇಕು. ಆಟೋಕ್ಕೆ ಮೈಕ್ ಕಟ್ಟಿಸಿ ಹಳ್ಳಿ ಸುತ್ತಬೇಕು. ಆಶಾ ಕಾರ್ಯಕರ್ತೆಯರನ್ನು ಒಪ್ಪಿಸಬೇಕು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ತರದೆ ಬಂದವರನ್ನು ವಾಪಸ್ ಕಳಿಸದೆ ಅಲ್ಲೇ ದಾರಿ ಹುಡುಕಬೇಕು. ಬಿಪಿ, ಶುಗರ್ ಹೆಚ್ಚಿದ್ದವರಿಗೆ ಈ ಸಲ ಆಗುವುದಿಲ್ಲ, ಮಾತ್ರೆ ತಗೊಂಡು ಮುಂದಿನ ಶಿಬಿರಕ್ಕೆ ಬನ್ನಿ ಅಂದರೆ ಅವರು ಮುಂದಿನ ಶಿಬಿರಕ್ಕೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇನ್ನೂ ಕಷ್ಟದ್ದು ಹೆದರಿಕೆ. ಕಣ್ಣೇ ಕಿತ್ತುಬಿಡುತ್ತಾರಂತೆ ಎಂದು ಬಸ್ ಹತ್ತುವ ಹೊತ್ತಿಗೆ ಇಳಿದು ಹೋಗುವ ಅಜ್ಜಿಯನ್ನು ಬೆಂಗಳೂರಿನ ಡಾಕ್ಟರು ಒಪ್ಪಿಸಲಾರರು. ಅದಕ್ಕೆ ಅದೇ ಊರಿನ ಮೆಡಿಕಲ್ ಶಾಪಿನವರೇ ಬೇಕು. ‘ಅಮ್ಮಾ, ನಾನೂ ಜೊತೆಗೆ ಬರ್ತೀನಿ, ನಾಳಿದ್ದು ನಾನೇ ಮನೆಗೆ ಬಿಡ್ತೀನಿ, ಹತ್ತಿ’ ಎಂಬ ಮಾತಿಗೆ ಬೆಲೆ ಬರುವುದು ಹೇಳಿದವರ ಅಂಗಡಿ ಎಲ್ಲಿದೆಯೆಂದು ಆಕೆಗೆ ಗೊತ್ತಿರುವುದರಿಂದ. ಸೇವಾ ಕ್ಲಬ್ಬಿನ ಅಸಲು ಬಂಡವಾಳ ಇದು. ಇದನ್ನು ಡಾಲರಿನಲ್ಲಿ ಅಳೆಯಲಾಗದು, ವರ್ಷಾಂತ್ಯದ ವರದಿಯಲ್ಲಿ ಇದಕ್ಕೊಂದು ಕಾಲಮ್ಮೂ ಇಲ್ಲ.

ಶಿಬಿರ ಸೋಲುವುದೂ ಒಂದೇ ಕಡೆ, ಆಮೇಲಿನ ವಾರಗಳಲ್ಲಿ. ತೊಟ್ಟು ಔಷಧಿ ದಿನಕ್ಕೆ ಇಷ್ಟು ಸಲ ಎಂದು ವಾರಗಟ್ಟಲೆ ಹಾಕಬೇಕು. ತಿಂಗಳ ಹೊತ್ತಿಗೆ ಮರುತಪಾಸಣೆ ಆಗಬೇಕು, ಬೇಕಿದ್ದರೆ ಓದುವ ಕನ್ನಡಕ ಕೊಡಿಸಬೇಕು. ತಪಾಸಣೆಯ ದಿನ ಶಾಸಕರೂ ಬಂದು ದೀಪ ಬೆಳಗುತ್ತಾರೆ, ಪತ್ರಿಕೆಯವರೂ ಬರುತ್ತಾರೆ. ಮರುತಪಾಸಣೆಗೆ ಅಜ್ಜಿಯೂ ಬರುವುದು ಕಷ್ಟ. ಒಳ್ಳೆಯ ಕ್ಲಬ್ಬು ಯಾವುದೆಂದು ಗುರುತಿಸಲು ನನಗೊಂದು ಸುಲಭದ ದಾರಿ ಇದೆ: ಎಷ್ಟು ಜನಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿದಿರಿ ಎಂದು ಕೇಳುವುದಿಲ್ಲ, ಮರುತಪಾಸಣೆಗೆ ಎಷ್ಟು ಜನ ಬಂದರು ಎಂದು ಕೇಳುತ್ತೇನೆ. ತಟ್ಟನೆ ಉತ್ತರ ಬಂದರೆ ಅಲ್ಲಿ ಕೆಲಸ ನಡೆಯುತ್ತಿದೆ.

ವರ್ಷದ ಗಡುವನ್ನು ಮೀರಿ ನಿಂತ ಒಂದು ಕೆಲಸವೂ ಇದೆ. ರೋಟರಿ ಪೋಲಿಯೊ ಲಸಿಕೆಗೆ ಕೈಹಾಕಿದ್ದು 1979ರಲ್ಲಿ, ಫಿಲಿಪೀನ್ಸ್‌ನಲ್ಲಿ. 1985ರಲ್ಲಿ ಅದು ಜಾಗತಿಕ ಯೋಜನೆಯಾಯಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವುಗಳ ಜೊತೆ ಸೇರಿ ನಿರ್ಮೂಲನ ಅಭಿಯಾನ ಶುರುವಾದಾಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಪೋಲಿಯೊ ತಗಲುತ್ತಿತ್ತು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಬಸ್ ನಿಲ್ದಾಣದಲ್ಲಿ ಹಳದಿ ಬ್ಯಾನರು, ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ, ಎರಡು ಹನಿ, ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಮರುದಿನದಿಂದ ಮನೆಮನೆ ಭೇಟಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಪಿ’ ಅಥವಾ ‘ಎಕ್ಸ್’ ಗುರುತು. ಹನಿ ಹಾಕಿದವರು ಅಂಗನವಾಡಿ, ಆರೋಗ್ಯ ಇಲಾಖೆಯವರು. ಜೀಪು, ಊಟದ ಪೊಟ್ಟಣ, ಬ್ಯಾನರು, ಮೈಕು ಕ್ಲಬ್ಬುಗಳಿಂದ ಬಂದವು. ಉತ್ತರ ಪ್ರದೇಶದಲ್ಲಿ ಲಸಿಕೆಯ ಬಗ್ಗೆ ಸಂಶಯ ಹಬ್ಬಿದಾಗ ಮುಸ್ಲಿಂ ಧರ್ಮಗುರುಗಳ ಸಮಿತಿ ಕಟ್ಟಿ ಅವರ ಬಾಯಿಂದಲೇ ಹೇಳಿಸಿದ್ದೂ ರೋಟರಿ. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. ಕೊನೆಯದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಬಂತು.

ಇಲ್ಲಿಯೂ ಅಧ್ಯಕ್ಷರು ವರ್ಷಕ್ಕೊಬ್ಬರಂತೆ ಬದಲಾದರು. ಗುರಿ ಬದಲಾಯಿಸುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ. ಬಂದವರೆಲ್ಲ ಅದೇ ಡಬ್ಬಿ ಹೊರಬೇಕಿತ್ತು, ಲೆಕ್ಕ ಒಪ್ಪಿಸಬೇಕಿತ್ತು, ಮುಂದಿನವರಿಗೆ ದಾಟಿಸಬೇಕಿತ್ತು. ಪಾಕಿಸ್ತಾನ, ಅಫ್ಗಾನಿಸ್ತಾನಗಳಲ್ಲಿ ವೈರಸ್ ಉಳಿದಿರುವುದರಿಂದ ಆ ಡಬ್ಬಿ ಇನ್ನೂ ಕೆಳಗಿಳಿದಿಲ್ಲ.

ಈ ಕೆಲಸಗಳಲ್ಲಿ ಊಟದ ಪೊಟ್ಟಣ ಕಟ್ಟಿದವರು ಯಾರು, ಮಕ್ಕಳನ್ನು ಬೂತಿಗೆ ಕರೆತಂದವರು ಯಾರು ಎಂದು ಕೇಳಿದರೆ ಚಿತ್ರದಲ್ಲಿಲ್ಲದ ಮುಖಗಳು ಹೊರಬರುತ್ತವೆ. 1980ರ ದಶಕದ ಕೊನೆಯವರೆಗೂ ರೋಟರಿ ಗಂಡಸರ ಕ್ಲಬ್ಬು. ಸದಸ್ಯರ ಹೆಂಡತಿಯರು ‘ಆನ್ಸ್’, ಮಕ್ಕಳು ‘ಆನೆಟ್ಸ್’. ಹೆಂಡತಿಯರೇ 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಟ್ಟಿಕೊಂಡದ್ದು ಇನ್ನರ್‌ವೀಲ್. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು 1977ರಲ್ಲಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಾಗ ರೋಟರಿ ಆ ಕ್ಲಬ್ಬನ್ನೇ ಹೊರಹಾಕಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿ, 1987ರ ಮೇ 4ರಂದು ಡುವಾರ್ಟೆ ಗೆದ್ದಿತು. ಲಯನ್ಸ್ ಅದೇ ವರ್ಷ ಬಾಗಿಲು ತೆರೆಯಿತು. ರೋಟರಿ ತನ್ನ ನಿಯಮ ತಿದ್ದಿದ್ದು 1989ರಲ್ಲಿ. ಅಂತರರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ಮೊದಲ ಮಹಿಳೆಯಾಗಿ ಕೆನಡಾದ ಜೆನಿಫರ್ ಜೋನ್ಸ್ ಬಂದದ್ದು 2022ರಲ್ಲಿ. ಸೇವೆಗೆ ಮುಂದೆ, ಕುರ್ಚಿಗೆ ತಡ. ನಮ್ಮ ತಾಲ್ಲೂಕುಗಳಲ್ಲಿ ಮಹಿಳಾ ಅಧ್ಯಕ್ಷರು ಈಗ ಅಪರೂಪವಲ್ಲ. ಆದರೂ ಸಭೆಯ ಉಪಾಹಾರದ ಹೊಣೆ ಎಲ್ಲಿಗೆ ಬೀಳುತ್ತದೆಂದು ಗಮನಿಸಿದರೆ 1924 ಪೂರ್ತಿ ಮುಗಿದಿಲ್ಲ ಅನ್ನಿಸುತ್ತದೆ.

ಒಂದು ವರ್ಷದ ರೋಗ ಸಂಸ್ಥೆಗಳಿಗೂ ಗೊತ್ತು. ರೋಟರಿ ಫೌಂಡೇಶನ್ 2013ರ ಸುಮಾರಿಗೆ ಅನುದಾನದ ನಿಯಮಗಳನ್ನೇ ಬದಲಿಸಿತು. ಕನಿಷ್ಠ 30,000 ಡಾಲರಿನ ಯೋಜನೆಯಾಗಿರಬೇಕು, ಇನ್ನೊಂದು ದೇಶದ ಕ್ಲಬ್ಬು ಜೊತೆಗಿರಬೇಕು, ಹಣ ಮುಗಿದ ಮೇಲೆ ಯಾರು ನಡೆಸುತ್ತಾರೆಂದು ಅರ್ಜಿಯಲ್ಲೇ ಬರೆಯಬೇಕು. ಊರಿನವರಿಗೆ ಏನು ಬೇಕೆಂದು ಮೊದಲು ಕೇಳಿದ್ದಕ್ಕೆ ದಾಖಲೆಯನ್ನೂ ಈಗ ಕೇಳುತ್ತಾರೆ. ಡಯಾಲಿಸಿಸ್ ಯಂತ್ರ, ರಕ್ತನಿಧಿಯ ಉಪಕರಣಗಳಂಥವು ಬರುವುದು ಈ ದಾರಿಯಲ್ಲಿ. ಅರ್ಜಿ ಬರೆಯಲು ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆಯುಳ್ಳ ಸದಸ್ಯರು ಬೇಕು. ಹಾಗಾಗಿ ದೊಡ್ಡ ಊರಿನ ಕ್ಲಬ್ಬುಗಳಿಗೆ ಅದು ಸಲೀಸು. ಸಣ್ಣ ಊರಿನವರು ಹೊಲಿಗೆ ಯಂತ್ರ, ನೋಟ್‌ಬುಕ್ ವಿತರಣೆಯಲ್ಲೇ ಉಳಿಯುತ್ತಾರೆ.

ಸಣ್ಣ ಊರಿನ ಕ್ಲಬ್ಬುಗಳು ಕಂಡುಕೊಂಡ ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಹಲವು ಕಡೆ ಕ್ಲಬ್ಬಿನ ಒಂದು ಕೋಣೆಯಲ್ಲೋ ಸದಸ್ಯರ ಗೋದಾಮಿನಲ್ಲೋ ವೀಲ್‌ಚೇರು, ವಾಕರು, ಗಾಳಿ ಹಾಸಿಗೆ, ಮಡಚುವ ಆಸ್ಪತ್ರೆ ಮಂಚ ಇಟ್ಟಿರುತ್ತಾರೆ. ಕೋವಿಡ್ ಕಾಲದಲ್ಲಿ ಬಂದ ಆಮ್ಲಜನಕ ಸಾಂದ್ರಕಗಳೂ ಅದರ ಜೊತೆ ಸೇರಿಕೊಂಡಿವೆ. ಸೊಂಟದ ಮೂಳೆ ಮುರಿದ ತಾಯಿಗೆ ಮೂರು ತಿಂಗಳ ಮಟ್ಟಿಗೆ ಮಂಚ ಬೇಕಾದವರು ಸಣ್ಣದೊಂದು ಠೇವಣಿ ಇಟ್ಟು ಒಯ್ಯುತ್ತಾರೆ, ವಾಪಸ್ ತಂದಾಗ ಠೇವಣಿ ಮರಳುತ್ತದೆ. ಕೆಲವರು ಅದನ್ನು ಕ್ಲಬ್ಬಿಗೇ ಬಿಟ್ಟು ಹೋಗುತ್ತಾರೆ, ಮಂಚದ ಗಾಲಿ ಬದಲಿಸಲು ಅದು ಸಾಕು. ಎಲ್ಲಕ್ಕಿಂತ ಹೆಚ್ಚು ಓಡಾಡುವ ವಸ್ತು ಶವ ಇಡುವ ಶೀತಲ ಪೆಟ್ಟಿಗೆ. ದುಬೈಯಿಂದಲೋ ಅಮೆರಿಕದಿಂದಲೋ ಮಗ ಬರುವವರೆಗೆ ಕಾಯಬೇಕಾದ ಮನೆಗಳು ಈಗ ಪ್ರತಿ ಬೀದಿಯಲ್ಲಿವೆ. ಆ ಪೆಟ್ಟಿಗೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವುದೂ ಇಲ್ಲ. ರಾತ್ರಿ ಎರಡು ಗಂಟೆಗೂ ಬೇಕಾಗುವ ವಸ್ತುವಾದ್ದರಿಂದ ಬೀಗದ ಕೈ ಅಧ್ಯಕ್ಷರ ಮನೆಯಲ್ಲಿ ಇರುವುದಿಲ್ಲ. ಆಸ್ಪತ್ರೆ ರಸ್ತೆಯ ಮೆಡಿಕಲ್ ಶಾಪಿನಲ್ಲೋ ಆಂಬುಲೆನ್ಸ್ ಚಾಲಕರ ಹತ್ತಿರವೋ ಇರುತ್ತದೆ. ಕಂಪ್ರೆಸರ್ ಕೆಟ್ಟರೆ ಮರುದಿನವೇ ರಿಪೇರಿ ಆಗುತ್ತದೆ. ಅದು ಯಾರ ವರ್ಷದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.